ಗಟ್ಟಿ ನೆಲ ಕೊಚ್ಚಿಹೋಯಿತು, ಮೆತ್ತನೆಯ ನೆಲ ನಿಂತಿತು: ಹುಲ್ಲಿನ ಬೇರಿಗೂ ಮಣ್ಣಿನ ಬಲಕ್ಕೂ ಏನು ನಂಟು?

ಪ್ರಶ್ನೆ: ಗುಡಿಬಂಡೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗುಡಿಬಂಡೆ ತಾಲ್ಲೂಕಿನ ಒಂದು ಹಳ್ಳಿಯವನು, ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ನಮ್ಮೂರ ಬೆಟ್ಟದ ತಪ್ಪಲಿನಲ್ಲಿ ಸುಮಾರು 40 ಎಕರೆ ಗೋಮಾಳವಿದ್ದು, ಅದರ ನಡುವೆ ಒಂದು ಸಣ್ಣ ಹಳ್ಳ ಹರಿದು ಕೆಳಗಿನ ಕುಂಟೆಗೆ ಸೇರುತ್ತದೆ. ಹಳ್ಳದ ಪಡುವಣ ಬದಿಯ ಏಳೆಂಟು ಎಕರೆಗೆ ಆರು ವರ್ಷಗಳ ಹಿಂದೆ ಊರಿನವರೇ ಮುಳ್ಳುಬೇಲಿ ಹಾಕಿ ದನ ಬಿಡುವುದನ್ನು ನಿಲ್ಲಿಸಿದೆವು. ಹುಲ್ಲು ಬಲಿತ ಮೇಲೆ ಕೊಯ್ದು ಹಂಚಿಕೊಳ್ಳುತ್ತೇವೆ. ಮೂಡಣ ಬದಿಯಲ್ಲಿ ಮೊದಲಿನಂತೆಯೇ ವರ್ಷವಿಡೀ ದನ, ಕುರಿ ಮೇಯುತ್ತವೆ. ಎರಡೂ ಕಡೆ ಅದೇ ಮರಳು ಬೆರೆತ ಕೆಂಪು ಮಣ್ಣು, ಇಳಿಜಾರೂ ಹೆಚ್ಚುಕಡಿಮೆ ಒಂದೇ.

ಬೇಸಿಗೆಯಲ್ಲಿ ಮೂಡಣ ಬದಿಯಲ್ಲಿ ಗೂಟಕ್ಕೆ ಗುಂಡಿ ತೋಡಲು ಹೋದರೆ ಹಾರೆ ಠಣ್ಣೆಂದು ಪುಟಿಯುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಪಡುವಣ ಬದಿಯಲ್ಲಿ ಅದೇ ಹಾರೆ ಒಂದು ಗೇಣು ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಮೂಡಣ ಬದಿಯ ಮಣ್ಣೇ ಬಲವಾದದ್ದು ಎಂದು ನಾನು ನಂಬಿಕೊಂಡಿದ್ದೆ. ಕಳೆದ ಸಲದ ಹಸ್ತ, ಚಿತ್ತೆ ಮಳೆಗಳು ಬಿಡದೆ ಹೊಯ್ದಾಗ ಆದದ್ದೇ ಬೇರೆ. ಗಟ್ಟಿಯಾಗಿದ್ದ ಮೂಡಣ ಬದಿಯಲ್ಲಿ ದನಗಳ ಜಾಡು ಹಿಡಿದು ತೊಡೆಯಾಳದ ಕೊರಕಲು ಬಿತ್ತು, ಹಳ್ಳದ ದಡ ಚಪ್ಪಡಿ ಚಪ್ಪಡಿಯಾಗಿ ನೀರಿಗೆ ಉರುಳಿತು. ಮೆತ್ತಗಿದ್ದ ಪಡುವಣ ಬದಿ ಬಹುಮಟ್ಟಿಗೆ ಹಾಗೆಯೇ ನಿಂತಿದೆ.

ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಎಂದು ನಾನೇ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಹೇಗೆ ಹಿಡಿದುಕೊಳ್ಳುತ್ತದೆ ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಈಗ ಕೇಳುತ್ತಿದ್ದೇನೆ. ಮಣ್ಣಿನ ಬಲ ಎಂದರೆ ಅದರ ಗಟ್ಟಿತನವಲ್ಲವೆ? ಅದರಲ್ಲಿ ಬೇರಿನ ಪಾಲೆಷ್ಟು, ಮಣ್ಣಿನ ಗುಣದ ಪಾಲೆಷ್ಟು? ಮೂಡಣ ಬದಿಯಲ್ಲಿ ಗುಂಡಿ ತೆಗೆಸಿ ಮರ ನೆಡಿಸಿಬಿಡೋಣ ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ಒಪ್ಪುವ ಮುನ್ನ ತಿಳಿದವರಿಂದ ಕೇಳಿಕೊಳ್ಳುವುದು ಒಳ್ಳೆಯದೆನಿಸಿತು.

ಉತ್ತರ: ತುಮಕೂರು ಮಣ್ಣುಪರೀಕ್ಷೆ

ಮೇಷ್ಟ್ರೇ, ನಿಮ್ಮ ಹಾರೆ ಸುಳ್ಳು ಹೇಳಿಲ್ಲ, ನೀವು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಒಣಗಿದ ಮಣ್ಣಿನೊಳಕ್ಕೆ ಒಂದು ಮೊನೆ ಇಳಿಯಲು ಎಷ್ಟು ಒತ್ತಡ ಬೇಕು ಎಂಬುದಷ್ಟನ್ನೇ ಹಾರೆ ಅಳೆಯುತ್ತದೆ. ನಮ್ಮ ಪ್ರಯೋಗಾಲಯದ ಪೆನೆಟ್ರೋಮೀಟರ್ ಮಾಡುವುದೂ ಇದನ್ನೇ. ಆ ಒತ್ತಡ ಸುಮಾರು 2 ಮೆಗಾಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ 20 ಕಿಲೋ ದಾಟಿತೆಂದರೆ ಹೆಚ್ಚಿನ ಗಿಡಗಳ ಬೇರು ಮುಂದೆ ಸರಿಯಲಾಗದೆ ತಿಣುಕುತ್ತದೆ. ನಿಮ್ಮ ಮೂಡಣ ಬದಿ ಬೇಸಿಗೆಯಲ್ಲಿ ಆ ಸ್ಥಿತಿ ಮುಟ್ಟಿದೆ ಎಂದು ಕಾಣುತ್ತದೆ. ಆ ಗಟ್ಟಿತನವೇ ಅಲ್ಲಿ ಬೇರನ್ನು ದೂರವಿಟ್ಟಿದೆ.

ದಡ ಕುಸಿಯುವಾಗ ಮಣ್ಣಿನ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಆ ಜಾರುವಿಕೆಗೆ ಮಣ್ಣು ಒಡ್ಡುವ ಪ್ರತಿರೋಧವನ್ನು ಎಂಜಿನಿಯರುಗಳು ಶಿಯರ್ ಬಲ ಎನ್ನುತ್ತಾರೆ. ಫ್ರಾನ್ಸಿನ ಕುಲೋಂಬ್ 1773ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದನ್ನು ಎರಡು ಪಾಲು ಮಾಡಿ ತೋರಿಸಿದ: ಒಂದು ಕಣ ಕಣಕ್ಕೆ ಉಜ್ಜಿ ಹುಟ್ಟುವ ಘರ್ಷಣೆ, ಇನ್ನೊಂದು ಕಣಗಳ ನಡುವಿನ ಅಂಟು. ಘರ್ಷಣೆ ನಿಂತಿರುವುದು ಮೇಲಿನ ಭಾರದ ಮೇಲೆ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿಕೊಂಡರೆ ಆ ನೀರು ಭಾರದ ಒಂದಷ್ಟು ಪಾಲನ್ನು ತಾನು ಹೊತ್ತು ಕಣಗಳನ್ನು ಹಗುರ ಮಾಡಿಬಿಡುತ್ತದೆ. ತುಂಬಿದ ಬಾವಿಯಲ್ಲಿ ಬಿಂದಿಗೆ ಹಗುರವಾಗುವ ಹಾಗೆ. ಆಗ ಘರ್ಷಣೆ ಅರ್ಧಕ್ಕರ್ಧ ಇಳಿಯುತ್ತದೆ.

ಇವೆರಡರ ಜೊತೆಗೆ, ಪೂರ್ತಿ ನೆನೆಯದ ಮಣ್ಣಿಗೆ ನೀರಿನಿಂದ ಸಾಲ ಪಡೆದಂಥ ಒಂದು ಬಲವೂ ಇರುತ್ತದೆ. ಮಕ್ಕಳು ಪಾದದ ಮೇಲೆ ಒದ್ದೆ ಮರಳು ತಟ್ಟಿ ಗುಬ್ಬಚ್ಚಿಗೂಡು ಕಟ್ಟುವುದನ್ನು ನೋಡಿದ್ದೀರಲ್ಲ? ಮರಳಿನಲ್ಲಿ ಅಂಟಿಲ್ಲ, ಆದರೂ ಗೂಡು ನಿಲ್ಲುತ್ತದೆ. ಕಣಗಳ ಸಂದಿನಲ್ಲಿ ಉಳಿದ ತೆಳು ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಅದೇ ಗೂಡಿನ ಮೇಲೆ ಒಂದು ಚೊಂಬು ನೀರು ಹುಯ್ದರೆ ಎಳೆತ ಮಾಯವಾಗಿ ಗೂಡು ಕರಗುತ್ತದೆ. ನಿಮ್ಮ ಮೂಡಣ ಬದಿಯ ಬೇಸಿಗೆಯ ಗಟ್ಟಿತನದಲ್ಲಿ ಬಹುಪಾಲು ಈ ಬಗೆಯದು. ಗ್ರಾನೈಟ್ ಮತ್ತು ನೈಸ್ ಬಂಡೆ ಶಿಥಿಲವಾಗಿ ಆದ ನಮ್ಮ ಭಾಗದ ಕೆಂಪು ಮಣ್ಣಿನಲ್ಲಿ ಮರಳು ಹೆಚ್ಚು. ಇರುವ ಜೇಡಿಯೂ ಮುಖ್ಯವಾಗಿ ಕೆಯೋಲಿನೈಟ್ ಜಾತಿಯದು, ಎರೆಮಣ್ಣಿನ ಜೇಡಿಯಂತೆ ಉಬ್ಬಿ ಬಿರಿಯುವಂಥದ್ದಲ್ಲ. ಒಣಗಿದಾಗ ಇಟ್ಟಿಗೆಯಂತಾಗುವುದು, ಮೇಲೆ ಹಕ್ಕಳೆ ಕಟ್ಟುವುದು, ನೆನೆದಾಗ ಸಡಿಲವಾಗುವುದು ಇದರ ಸ್ವಭಾವ. ಸಾವಯವ ಇಂಗಾಲ ಕಡಿಮೆಯಿದ್ದಷ್ಟೂ ಈ ಸ್ವಭಾವ ಜೋರಾಗುತ್ತದೆ, ದನದ ಗೊರಸು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. 250 ಕಿಲೋ ತೂಗುವ ನಾಟಿ ಹಸುವಿನ ನಾಲ್ಕು ಗೊರಸುಗಳ ಅಡಿಯ ವಿಸ್ತೀರ್ಣ ಒಟ್ಟು 200 ಚದರ ಸೆಂಟಿಮೀಟರ್ ಎಂದು ಹಿಡಿದರೂ ಅದು ಸುಮ್ಮನೆ ನಿಂತಾಗಲೇ ನೆಲದ ಮೇಲೆ ಸುಮಾರು 125 ಕಿಲೋಪಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಒಂದೂಕಾಲು ಕಿಲೋ ಒತ್ತಡ ಬೀಳುತ್ತದೆ. ನಡೆಯುವಾಗ ಭಾರ ಎರಡು ಮೂರು ಕಾಲಿನ ಮೇಲೆ ಬೀಳುವುದರಿಂದ ಇದಕ್ಕಿಂತ ಹೆಚ್ಚು.

ಬೇರು ಇಲ್ಲಿ ಮಾಡುವ ಕೆಲಸ ಹೊಸದೇನಲ್ಲ. ಹಿಂದೆ ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಹಾಕಿ ತುಳಿಯುತ್ತಿದ್ದರು. ಮಣ್ಣು ಅದುಮುವುದನ್ನು ತಾಳುತ್ತದೆ, ಎಳೆಯುವುದನ್ನು ತಾಳುವುದಿಲ್ಲ. ಹುಲ್ಲಿನ ಎಳೆ ಎಳೆತವನ್ನು ತಾಳುತ್ತದೆ. ಇಳಿಜಾರಿನಲ್ಲಿ ಮೇಲಿನ ಪದರ ಜಾರಲು ಹೊರಟಾಗ ಎರಡು ಪದರಗಳನ್ನೂ ದಾಟಿ ಹೋಗಿರುವ ಬೇರು ಬಿಗಿಯಾಗಿ ಹಿಗ್ಗಿ ಜಾರುವ ಪದರವನ್ನು ಹಿಂದಕ್ಕೆಳೆಯುತ್ತದೆ. ಅಳೆದು ನೋಡಿದರೆ ಬೇರಿನಿಂದ ಘರ್ಷಣೆಯ ಕೋನ (ಮೇಲಿನ ಭಾರಕ್ಕೆ ಎಷ್ಟು ಘರ್ಷಣೆ ಹುಟ್ಟುತ್ತದೆ ಎಂಬುದರ ಅಳತೆ) ಅಷ್ಟಾಗಿ ಬದಲಾಗುವುದಿಲ್ಲ, ಅಂಟಿನ ಪಾಲು ಹೆಚ್ಚಿದಂತೆ ಕಾಣುತ್ತದೆ. ಮುಖ್ಯವಾದ ಮಾತೆಂದರೆ, ಮಳೆ ನೀರಿನಿಂದ ಆ ಸಾಲ ಪಡೆದ ಬಲವೆಲ್ಲ ಹೋಗಿ ಘರ್ಷಣೆಯೂ ಇಳಿದುಹೋದ ಆ ಗಳಿಗೆಯಲ್ಲಿ, ನೀರಿಗೆ ಕರಗದೆ ಉಳಿಯುವ ಬಲ ಬೇರಿನದು. ಬೇಸಿಗೆಯಲ್ಲಿ ಎರಡು ಬದಿಗಳನ್ನು ಹೋಲಿಸಿ ಫಲವಿಲ್ಲ. ಚಿತ್ತೆ ಮಳೆಯ ಮೂರನೆಯ ದಿನ ಹೋಲಿಸಬೇಕು.

ಉತ್ತರ: ಮುಳಬಾಗಿಲು ರೈತ

ಲೆಕ್ಕ ನನಗೆ ತಿಳಿಯದು ಸ್ವಾಮಿ, ಬದು ತಿಳಿದಿದೆ. ಬೇರು ಎಂದ ಮಾತ್ರಕ್ಕೆ ಎಲ್ಲ ಬೇರೂ ಒಂದೇ ಅಲ್ಲ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಹೊಲದ ಮೇಲ್ಭಾಗದ ಒಂದೂವರೆ ಎಕರೆಯಲ್ಲಿ ನೀಲಗಿರಿ ಹಾಕಿದ್ದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ವರ್ಷ ನಾವೂ ಅದನ್ನು ಕಡಿಸಿದೆವು. ಕೂಳೆ ಚಿಗುರದಂತೆ ಮಾಡಿ, ಬೊಡ್ಡೆ ಕೀಳುವ ಖರ್ಚು ಉಳಿಸಲೆಂದು ಹಾಗೆಯೇ ಬಿಟ್ಟೆವು. ಎರಡು ಮೂರು ಮಳೆಗಾಲ ಏನೂ ಆಗಲಿಲ್ಲ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳೆಲ್ಲ ಕೋಡಿ ಬಿದ್ದ ಆ ಮಳೆಗೆ, ಬೊಡ್ಡೆಗಳ ಸಾಲು ಹಿಡಿದೇ ಕೆಳಗಿನ ದಿಬ್ಬ ಕುಸಿಯಿತು. ಕುಸಿದ ಜಾಗದಲ್ಲಿ ಕೈ ಹಾಕಿ ನೋಡಿದೆ. ದೊಡ್ಡ ಬೇರು ಇದ್ದ ಕಡೆ ತೊಗಟೆಯಷ್ಟೇ ಉಳಿದು ಒಳಗೆ ಪೊಳ್ಳಾಗಿತ್ತು. ನನ್ನ ಮುಂಗೈ ಸಲೀಸಾಗಿ ಹೋಗುವಷ್ಟು ಕೊಳವೆ. ಮಳೆ ನೀರು ಮೇಲಿನಿಂದ ನೇರವಾಗಿ ಒಳಕ್ಕೆ ಇಳಿಯಲು ನಾವೇ ಪೈಪು ಹಾಕಿಕೊಟ್ಟ ಹಾಗಾಗಿತ್ತು. ಮರ ನಿಂತಿದ್ದಾಗ ಕಾಪಾಡುತ್ತಿದ್ದ ಬೇರು ಸತ್ತು ನಾಲ್ಕು ವರ್ಷಕ್ಕೆ ಮನೆ ಹಾಳು ಮಾಡಿತು. ಕೆರೆ ಏರಿಯ ಮೇಲೆ ದೊಡ್ಡ ಮರ ಬೆಳೆಯಲು ಹಳಬರು ಏಕೆ ಬಿಡುತ್ತಿರಲಿಲ್ಲ ಎಂದು ನನಗೆ ಅರ್ಥವಾದದ್ದು ಆ ದಿನ.

ಅದಾದ ಮೇಲೆ ಆ ದಿಬ್ಬಕ್ಕೆ ಅಡ್ಡಲಾಗಿ ಲಾವಂಚ ಹಾಕಿದೆ. ಮೊದಲ ಸಲ ಮಳೆ ಮುಗಿಯುವ ಹೊತ್ತಿಗೆ ನೆಟ್ಟು ಪೂರಾ ಒಣಗಿಸಿಕೊಂಡೆ. ಎರಡನೆಯ ಸಲ ಆಷಾಢದಲ್ಲಿ, ಅರ್ಧ ಗೇಣಿಗೊಂದರಂತೆ ಒತ್ತಾಗಿ ನೆಟ್ಟದ್ದು ಹಿಡಿಯಿತು. ಮೂರನೆಯ ವರ್ಷ ಒಂದು ಬುಡವನ್ನು ಪಕ್ಕದಲ್ಲಿ ಆಳುದ್ದದ ಗುಂಡಿ ತೋಡಿ ನೋಡಿದೆವು; ಗುಂಡಿಯ ತಳದಲ್ಲೂ ಬೇರು ನೆಟ್ಟಗೆ ಕೆಳಕ್ಕೆ ಇಳಿಯುತ್ತಲೇ ಇತ್ತು. ಒಂದು ಎಳೆಯನ್ನು ಬೆರಳಿಗೆ ಸುತ್ತಿ ಎಳೆದರೆ ಬೆರಳು ಕೊಯ್ದುಕೊಂಡಿತೇ ಹೊರತು ಬೇರು ತುಂಡಾಗಲಿಲ್ಲ. ರಾಗಿ ಪೈರು ಕಿತ್ತು ಅಭ್ಯಾಸವಿರುವವರಿಗೆ ಹುಲ್ಲು ಜಾತಿಯ ಬೇರಿನ ಹಟ ಗೊತ್ತೇ ಇದೆ, ಆದರೂ ಇದು ಅದರಪ್ಪ.

ಪ್ರಶ್ನೆ ಕೇಳಿದವರು: ಗುಡಿಬಂಡೆ ಮೇಷ್ಟ್ರು

ಇಬ್ಬರಿಗೂ ಕೃತಜ್ಞತೆಗಳು. ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಗೋಮಾಳಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು, ಎರಡೂ ಬದಿಯಲ್ಲಿ ಒಂದು ಲೀಟರಿನ ಡಬ್ಬವನ್ನು ಮಗುಚಿ ನೆಲಕ್ಕೆ ಹೊಡೆದು, ಮಣ್ಣು ಕದಡದಂತೆ ತುಂಬಿ ತೆಗೆದು, ಒಲೆಯ ಮೇಲೆ ಒಣಗಿಸಿ ತೂಗಿದೆವು. ಮೇಯುವ ಬದಿಯದು 1.68 ಕಿಲೋ, ಬೇಲಿಯೊಳಗಿನದು 1.39 ಕಿಲೋ. ಸಾಂದ್ರವಾಗಿರುವುದು ಮೂಡಣ ಬದಿಯೇ ಎಂಬುದು ತಕ್ಕಡಿಯಲ್ಲೂ ಖಚಿತವಾಯಿತು.

ಆಮೇಲೆ ಮೂರು ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದೊಂದರಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಒಣ ಹೆಂಟೆಯನ್ನು ತಂತಿಯ ಜಾಲರಿಯ ಮೇಲಿಟ್ಟು ಇಳಿಬಿಟ್ಟೆವು. ಮೊದಲನೆಯದು ಮೇಯುವ ಬದಿಯ ಮೇಲ್ಮಣ್ಣು. ನೀರು ಸೋಕಿದ ಕೂಡಲೇ ಅದರ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು, ಅಂಚುಗಳು ಉದುರತೊಡಗಿದವು, ನಾನು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಜಾಲರಿಯ ಮೇಲೆ ಏನೂ ಉಳಿದಿರಲಿಲ್ಲ. ಲೋಟದ ತಳದಲ್ಲಿ ಕೆಂಪು ಅಂಬಲಿ. ಎರಡನೆಯದು ಬೇಲಿಯೊಳಗಿನ ಮೇಲ್ಮಣ್ಣು. ಅದೂ ಒಂದಷ್ಟು ಗುಳ್ಳೆ ಬಿಟ್ಟು ಸುಮ್ಮನಾಯಿತು. ಸಂಜೆಯವರೆಗೂ ಹೆಂಟೆ ಹೆಂಟೆಯಾಗಿಯೇ ಇತ್ತು, ನೀರು ಸ್ವಲ್ಪ ಮಾತ್ರ ಬಣ್ಣಗಟ್ಟಿತ್ತು. ಮೇಲೆತ್ತಿ ಬೆಳಕಿಗೆ ಹಿಡಿದರೆ ಕೂದಲಿಗಿಂತ ತೆಳುವಾದ ಬೇರುಗಳು ಅದನ್ನು ಎಲ್ಲ ದಿಕ್ಕಿನಿಂದಲೂ ಹೊಲಿದಂತೆ ಕಂಡವು, ಮಣ್ಣಿನ ಕಾಳುಗಳು ಅವಕ್ಕೆ ಪೋಣಿಸಿದ ಹಾಗೆ ಅಂಟಿಕೊಂಡಿದ್ದವು.

ಮೂರನೆಯದು ಮೊಮ್ಮಗನ ತಲೆಹರಟೆಯಿಂದ ಬಂದದ್ದು, ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಬೇಲಿಯೊಳಗೇ ಎರಡಡಿ ಆಳದಿಂದ ಅವನು ಒಂದು ಹೆಂಟೆ ಅಗೆದು ತಂದಿದ್ದ. ಅದೂ ಮೊದಲನೆಯದರ ಹಾಗೆಯೇ ಕೆಲವೇ ನಿಮಿಷಗಳಲ್ಲಿ ಕರಗಿಹೋಯಿತು. ಅಂದರೆ ಪಡುವಣ ಬದಿಯ ಮಣ್ಣು ಹುಟ್ಟಿನಿಂದ ಬೇರೆಯಲ್ಲ. ಮೇಲಿನ ಒಂದು ಗೇಣು ಮಾತ್ರ ಬೇರೆಯಾಗಿದೆ, ಅದೂ ಈ ಆರು ವರ್ಷದಲ್ಲಿ.

ಇನ್ನೊಂದನ್ನು ಗಮನಿಸಿದೆ. ಪಡುವಣ ದಡವೂ ಪೂರ್ತಿ ಕ್ಷೇಮವಾಗಿಲ್ಲ. ಎರಡು ಕಡೆ ಹುಲ್ಲಿನ ಪದರ ಮನೆಯ ಸೂರಿನಂತೆ ಹಳ್ಳದ ಮೇಲಕ್ಕೆ ಚಾಚಿ ನಿಂತಿದೆ, ಅದರ ಕೆಳಗಿನ ಮಣ್ಣು ಒಂದು ಮೊಳದಷ್ಟು ಒಳಕ್ಕೆ ಕೊರೆದುಹೋಗಿದೆ. ಇದಕ್ಕೇನು ಅರ್ಥ?

ಉತ್ತರ: ಮಧುಗಿರಿ ಕುರಿಹಟ್ಟಿ

ಮೇಷ್ಟ್ರಿಗೆ ನಮಸ್ಕಾರ. ನಾನು ಕುರಿ ಸಾಕುವ ಮನೆಯ ಮಗಳು, ಸಸ್ಯಶಾಸ್ತ್ರ ಓದಿದವಳು. ಸೂರಿನ ವಿಷಯವನ್ನು ತುಮಕೂರಿನವರೇ ಹೇಳಲಿ. ಮರದ ವಿಷಯವಾಗಿಯೂ ಮೇವಿನ ವಿಷಯವಾಗಿಯೂ ನಾನು ಹೇಳಬೇಕಾದದ್ದಿದೆ, ಏಕೆಂದರೆ ಇಂಥ ಚರ್ಚೆಗಳು ಕೊನೆಗೆ ದನ ಕುರಿಗಳನ್ನು ಹೊರಗಟ್ಟುವುದರಲ್ಲಿ ಮುಗಿಯುವುದನ್ನು ಕಂಡು ಬೇಸತ್ತಿದ್ದೇನೆ.

ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಬಯಲಿಗೆ ಬಂದು ನೋಡಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಆ 798 ಎಕರೆಯ ನೆಲ ಹುಲ್ಲುಗಾವಲಾಗಿರುವುದರಿಂದಲೇ ಕೃಷ್ಣಮೃಗಗಳ ಮನೆಯಾಗಿದೆ. ಹುಲ್ಲುಗಾವಲು ಎಂದರೆ ಮರ ಬೆಳೆಯಲಾಗದೆ ಹಾಳುಬಿದ್ದ ಜಾಗ ಎಂಬ ತಪ್ಪು ಕಲ್ಪನೆಯಿಂದ ಎಷ್ಟೋ ಬಯಲುಗಳಿಗೆ ಗುಂಡಿ ತೋಡಿದ್ದಾಗಿದೆ. ಗುಂಡಿ ತೋಡುವುದೆಂದರೆ ಇರುವ ಹುಲ್ಲಿನ ಬೇರನ್ನು ಕತ್ತರಿಸುವುದು. ಮರ ದೊಡ್ಡದಾಗಿ ದಟ್ಟ ನೆರಳು ಬಿದ್ದರೆ ಅದರಡಿ ಹುಲ್ಲು ತೆಳುವಾಗುತ್ತದೆ. ಮೇಲ್ಮಣ್ಣನ್ನು ಹಿಡಿಯುವುದರಲ್ಲಿ ಸಣ್ಣ ಬೇರು ದೊಡ್ಡ ಬೇರಿಗಿಂತ ಮೇಲು ಎಂಬುದಕ್ಕೆ ಸರಳ ಗಣಿತವೇ ಸಾಕು. 4 ಮಿಲಿಮೀಟರ್ ದಪ್ಪದ ಒಂದು ಬೇರಿನಲ್ಲಿರುವಷ್ಟೇ ಅಡ್ಡಕೊಯ್ತ ಅರ್ಧ ಮಿಲಿಮೀಟರಿನ 64 ಬೇರುಗಳಲ್ಲಿರುತ್ತದೆ, ಆದರೆ ಮಣ್ಣಿಗೆ ಅಂಟಿಕೊಳ್ಳುವ ಮೈ ಎಂಟು ಪಟ್ಟಾಗುತ್ತದೆ. ಸಾಲದ್ದಕ್ಕೆ, ಸಾಮಾನ್ಯವಾಗಿ ಬೇರು ತೆಳುವಾದಷ್ಟೂ ಅದರ ಚದರಳತೆಗೆ ಸಿಗುವ ಎಳೆತದ ಬಲ ಹೆಚ್ಚು.

ನಿಮ್ಮ ಲೋಟದಲ್ಲಿ ಹೆಂಟೆ ಉಳಿದದ್ದಕ್ಕೆ ಬೇರಿನ ಎಳೆಯೊಂದೇ ಕಾರಣವಲ್ಲ. ಬೇರಿನ ತುದಿ ಒಂದು ಲೋಳೆ ಸ್ರವಿಸುತ್ತದೆ, ಬೇರಿಗೆ ಹೊಂದಿಕೊಂಡು ಬದುಕುವ ಶಿಲೀಂಧ್ರದ ನೂಲುಗಳು ಕಣಗಳ ಸುತ್ತ ಬಲೆ ಹೆಣೆಯುತ್ತವೆ, ಸತ್ತ ಬೇರು ಕೊಳೆತು ಸಾವಯವ ಅಂಟಾಗುತ್ತದೆ. ಟಿಸ್ಡಾಲ್ ಮತ್ತು ಓಡ್ಸ್ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದರು: ಕಾಲು ಮಿಲಿಮೀಟರಿಗಿಂತ ಸಣ್ಣ ಕಾಳುಗಳನ್ನು ಹಳೆಯ ಸಾವಯವ ಅಂಟು ಹಿಡಿದಿರುತ್ತದೆ, ಅದಕ್ಕಿಂತ ದೊಡ್ಡ ಕಾಳುಗಳನ್ನು ಜೀವಂತ ಬೇರು ಮತ್ತು ಶಿಲೀಂಧ್ರದ ನೂಲುಗಳು ಹಿಡಿದಿರುತ್ತವೆ. ಹಾಗಾಗಿ ಹುಲ್ಲು ಸತ್ತರೆ ದೊಡ್ಡ ಕಾಳುಗಳು ಬೇಗ ಒಡೆಯುತ್ತವೆ, ಸಣ್ಣವು ಕೆಲವು ಕಾಲ ಉಳಿಯುತ್ತವೆ.

ಯಾವ ಹುಲ್ಲು ಎಂಬುದೂ ಮುಖ್ಯ. ಮಳೆಗೆ ಹುಟ್ಟಿ ಬೀಜ ಕಟ್ಟಿ ಸಾಯುವ ವಾರ್ಷಿಕ ಹುಲ್ಲು ದೀಪಾವಳಿಯ ಹೊತ್ತಿಗೆ ಹಸಿರಾಗಿ ಕಂಡರೂ ಮುಂದಿನ ಭರಣಿ ಮಳೆಗೆ ಅದರ ಬೇರಿನಲ್ಲಿ ಜೀವವಿರುವುದಿಲ್ಲ. ಮೊದಲ ಗುಡುಗು ಮಳೆ ಬೀಳುವುದು ಬತ್ತಲೆ ನೆಲದ ಮೇಲೆ. ಗರಿಕೆ ನೆಲದ ಮೇಲೂ ಕೆಳಗೂ ಬಳ್ಳಿಯೋಡಿಸಿ ಚಾಪೆ ಹೆಣೆಯುತ್ತದೆ. ಅಂಜನ ಹುಲ್ಲು, ಬಾದೆ ಹುಲ್ಲಿನಂಥ ಬಹುವಾರ್ಷಿಕ ಬುಡಗಳು ವರ್ಷವಿಡೀ ಬೇರನ್ನು ಉಳಿಸಿಕೊಳ್ಳುತ್ತವೆ. ಎಡೆಬಿಡದೆ ಮೇಯಿಸಿದಾಗ ಮೊದಲು ಕಣ್ಮರೆಯಾಗುವುದು ಈ ಬುಡದ ಹುಲ್ಲುಗಳೇ.

ಹಾಗೆಂದು ಮೇಯಿಸುವುದೇ ತಪ್ಪಲ್ಲ. ಎಫ್. ಜೆ. ಕ್ರೈಡರ್ ಎಂಬುವರ ಪ್ರಯೋಗವನ್ನು 1955ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತು. ಹುಲ್ಲಿನ ಎಲೆಯನ್ನು ಅರ್ಧದವರೆಗೆ ಕತ್ತರಿಸಿದರೆ ಬೇರಿನ ಬೆಳವಣಿಗೆಗೆ ಹೆಚ್ಚಿನ ಅಡ್ಡಿಯಾಗಲಿಲ್ಲ. ಶೇಕಡಾ 80ರಷ್ಟು ಕತ್ತರಿಸಿದಾಗ ಬೇರು ಬೆಳೆಯುವುದನ್ನೇ ಹಲವು ದಿನ ನಿಲ್ಲಿಸಿಬಿಟ್ಟಿತು. ನಮ್ಮ ಅಜ್ಜಿ ಯಾವ ಪ್ರಯೋಗವನ್ನೂ ಓದದೆ, ಹಿಂಡು ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಬೈಯುತ್ತಿದ್ದಳು. ಮೈಸೂರು ಅರಸರ ಅಮೃತಮಹಲ್ ಕಾವಲುಗಳನ್ನೂ ಬೇಸಿಗೆ, ಮಳೆ, ಚಳಿಗಾಲಕ್ಕೆಂದು ಬೇರೆ ಬೇರೆಯಾಗಿ ವಿಂಗಡಿಸಿದ್ದರು. ಒಂದು ಕಾವಲಿನಲ್ಲಿ ಮಂದೆ ಇರುವಾಗ ಉಳಿದವು ಸುಧಾರಿಸಿಕೊಳ್ಳುತ್ತಿದ್ದವು. ನಿಮ್ಮ ಮೂಡಣ ಬದಿಗೆ ಬೇಕಿರುವುದು ಆ ಬಿಡುವು. ವಿಶೇಷವಾಗಿ ನೆಲ ಒದ್ದೆಯಿರುವಾಗ ದನ ಬಿಡಬೇಡಿ. ಒಣ ನೆಲದ ಮೇಲಿನ ನೂರು ಹೆಜ್ಜೆಗಿಂತ ಕೆಸರಿನ ಮೇಲಿನ ಹತ್ತು ಹೆಜ್ಜೆ ಹೆಚ್ಚು ಹಾಳು ಮಾಡುತ್ತದೆ.

ಉತ್ತರ: ತುಮಕೂರು ಮಣ್ಣುಪರೀಕ್ಷೆ

ಮೇಷ್ಟ್ರೇ, ನಿಮ್ಮ ಮೂರನೆಯ ಲೋಟಕ್ಕೆ ನನ್ನ ನಮಸ್ಕಾರ. ಮಣ್ಣು ಅದೇ, ಆಳ ಮಾತ್ರ ಬೇರೆ ಎಂಬ ಹೋಲಿಕೆಯನ್ನು ನಾವು ಪ್ರಯೋಗಾಲಯದಲ್ಲಿ ಎಷ್ಟೋ ಸಲ ಮರೆಯುತ್ತೇವೆ. ಸೂರಿನ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಹುಲ್ಲಿನ ಬೇರಿನ ಬಹುಪಾಲು ಮೇಲಿನ ಒಂದಡಿಯೊಳಗೇ ಇರುತ್ತದೆ, ಕೆಳಗೆ ಹೋದಂತೆ ಬೇಗನೆ ವಿರಳವಾಗುತ್ತದೆ. ಹಳ್ಳದ ನೀರು ದಡದ ಬುಡವನ್ನು ತಿನ್ನುವುದು ಬೇರಿಲ್ಲದ ಆ ಎರಡಡಿ ಆಳದಲ್ಲಿ. ಮೇಲಿನ ಪದರ ಬೇರಿನ ಬಲದಿಂದ ಸ್ವಲ್ಪ ಕಾಲ ಸೂರಿನಂತೆ ನಿಂತು, ಒಂದು ದಿನ ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಅಲ್ಲಿ ಹುಲ್ಲನ್ನು ನೆಚ್ಚಬೇಡಿ. ದಡವನ್ನು ಇಳಿಜಾರಾಗಿ ಕಡಿದು, ಬುಡಕ್ಕೆ ಕಾಡುಗಲ್ಲು ಜೋಡಿಸಿ, ಕಡಿದ ಇಳಿಜಾರಿನ ಮೇಲೆ ಹುಲ್ಲು ಹಿಡಿಸಬೇಕು.

ಬೇರಿನ ಪಾಲೆಷ್ಟು ಎಂದು ಕೇಳಿದ್ದಿರಿ. ಒಂದು ಒರಟು ಲೆಕ್ಕ ಕೊಡುತ್ತೇನೆ. ವೂ ಮತ್ತು ಸಂಗಡಿಗರು 1979ರಲ್ಲಿ ಕೊಟ್ಟ ಸೂತ್ರದಂತೆ, ಜಾರುವ ಪದರವನ್ನು ದಾಟುವ ಬೇರುಗಳ ಒಟ್ಟು ಅಡ್ಡಕೊಯ್ತ ನೆಲದ ಎಷ್ಟನೆಯ ಪಾಲು ಎಂದು ಕಂಡುಕೊಂಡು, ಬೇರಿನ ಎಳೆತದ ಬಲದಿಂದಲೂ 1.2ರಿಂದಲೂ ಗುಣಿಸಬೇಕು. ಚದರ ಮೀಟರಿಗೆ 10 ಚದರ ಸೆಂಟಿಮೀಟರ್ ಬೇರು, ಅಂದರೆ ಸಾವಿರದಲ್ಲೊಂದು ಪಾಲು ಇದೆ, ಎಳೆತದ ಬಲ 20 ಮೆಗಾಪಾಸ್ಕಲ್ ಎಂದುಕೊಳ್ಳೋಣ. ಉತ್ತರ 24 ಕಿಲೋಪಾಸ್ಕಲ್ ಬರುತ್ತದೆ. ಇದನ್ನು ಹಾಗೆಯೇ ನಂಬಬಾರದು. ಎಲ್ಲ ಬೇರುಗಳೂ ಒಂದೇ ಕ್ಷಣದಲ್ಲಿ ತುಂಡಾಗುತ್ತವೆ ಎಂದು ಈ ಸೂತ್ರ ಭಾವಿಸುತ್ತದೆ. ನಿಜದಲ್ಲಿ ಒಂದು ಬೇರು ತುಂಡಾಗಿ ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ, ಕೆಲವು ಬೇರುಗಳು ತುಂಡಾಗದೆ ಮಣ್ಣಿನಿಂದ ಕಳಚಿ ಬರುತ್ತವೆ. ಅರ್ಧಕ್ಕಿಂತ ಕಡಿಮೆ ಹಿಡಿದು 8ರಿಂದ 10 ಕಿಲೋಪಾಸ್ಕಲ್ ಎನ್ನೋಣ.

ಇದು ಸಣ್ಣ ಸಂಖ್ಯೆಯಂತೆ ಕಾಣಬಹುದು. ಆದರೆ 30 ಡಿಗ್ರಿಯ ಇಳಿಜಾರಿನಲ್ಲಿ ಅರ್ಧ ಮೀಟರ್ ದಪ್ಪದ ಮಣ್ಣಿನ ಪದರ ನೀರು ಕುಡಿದು ನಿಂತಾಗ ಅದನ್ನು ಕೆಳಕ್ಕೆಳೆಯುವ ಒತ್ತಡ 4 ಕಿಲೋಪಾಸ್ಕಲ್ ಕೂಡ ಇರುವುದಿಲ್ಲ. ಘರ್ಷಣೆಯ ಕೋನವೂ 30 ಡಿಗ್ರಿ ಎಂದರೆ, ನೆನೆದ ಸ್ಥಿತಿಯಲ್ಲಿ ಘರ್ಷಣೆ ಅದರಲ್ಲಿ ಸುಮಾರು 1.8ನ್ನು ತಡೆಯುತ್ತದೆ. ಉಳಿದ 2 ಚಿಲ್ಲರೆ ಕಿಲೋಪಾಸ್ಕಲ್ ಎಲ್ಲಿಂದಾದರೂ ಬರಬೇಕು. ಬೇರು ಆ ಆಳವನ್ನು ಮುಟ್ಟಿದ್ದರೆ, ಮೇಲೆ ಹೇಳಿದ್ದರ ಕಾಲು ಭಾಗ ಸಾಕು ಪದರ ನಿಲ್ಲಲು. ಮುಟ್ಟಿರದಿದ್ದರೆ ಮೇಲೆ ಎಷ್ಟು ಹುಲ್ಲಿದ್ದರೂ ಅದರ ಸಮೇತ ಜಾರುತ್ತದೆ. ಮುಳಬಾಗಿಲಿನವರ ಲಾವಂಚದ ಮೇಲುಗೈ ಇಲ್ಲಿಯೇ. ಅದರ ಬೇರು ಎರಡು ಮೂರು ಮೀಟರ್ ಇಳಿಯುತ್ತದೆ, ಎಳೆತದ ಬಲ ಸರಾಸರಿ 75 ಮೆಗಾಪಾಸ್ಕಲ್, ಅಂದರೆ ಸಾಧಾರಣ ಉಕ್ಕಿನ ಸುಮಾರು ಆರನೆಯ ಒಂದು ಪಾಲು. ಅವರ ಬೆರಳು ಕೊಯ್ದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೂ ಮಿತಿಯಿದೆ. 2021ರ ಆಗಸ್ಟಿನಲ್ಲಿ ನಂದಿ ಬೆಟ್ಟದ ರಸ್ತೆಗೆ ಕಲ್ಲುಮಣ್ಣು ಬಂದು ಬಿದ್ದಂಥ ಕುಸಿತವನ್ನು ಯಾವ ಹುಲ್ಲೂ ತಡೆಯಲಾರದು.

ಬೇರಿರುವ ಮಣ್ಣಿನ ಇನ್ನೊಂದು ಗುಣವನ್ನು ಶಿಯರ್ ಪೆಟ್ಟಿಗೆಯಲ್ಲಿ, ಅಂದರೆ ಮಣ್ಣಿನ ಮೇಲರ್ಧವನ್ನು ಕೆಳಗಿನರ್ಧದ ಮೇಲೆ ಸರಿಸಿ ಅದರ ಪ್ರತಿರೋಧ ಅಳೆಯುವ ಸಾಧನದಲ್ಲಿ, ಕಣ್ಣಾರೆ ಕಾಣಬಹುದು. ಬೇರಿಲ್ಲದ ಒತ್ತಾದ ಮಣ್ಣು ಸ್ವಲ್ಪ ಸರಿದೊಡನೆ ಶಿಖರ ಮುಟ್ಟಿ ಥಟ್ಟನೆ ಕೈಬಿಡುತ್ತದೆ. ಬೇರಿರುವ ಮಣ್ಣು ನಿಧಾನವಾಗಿ ಬಲ ತೆಗೆದುಕೊಂಡು, ಹೆಚ್ಚು ದೂರ ಸರಿದ ಮೇಲೂ ಹಿಡಿತ ಬಿಡುವುದಿಲ್ಲ. ನಿಮ್ಮ ಮೂಡಣ ದಡ ಚಪ್ಪಡಿ ಚಪ್ಪಡಿಯಾಗಿ ಉರುಳಿದ್ದು, ಪಡುವಣ ದಡ ಸೂರಿನಂತೆ ಬಾಗಿ ನಿಂತದ್ದು, ಎರಡೂ ಆ ಪೆಟ್ಟಿಗೆಯ ಗ್ರಾಫಿನ ಹಾಗೆಯೇ ಇವೆ.

ಪ್ರಶ್ನೆ ಕೇಳಿದವರು: ಗುಡಿಬಂಡೆ ಮೇಷ್ಟ್ರು

ನಿನ್ನೆ ಸಂಜೆ ಅರಳಿಕಟ್ಟೆಯ ಮೇಲೆ ಮೂರು ಲೋಟಗಳನ್ನೂ ಇಟ್ಟು ಎಲ್ಲರೆದುರು ಮತ್ತೊಮ್ಮೆ ಹೆಂಟೆ ಇಳಿಬಿಟ್ಟು ತೋರಿಸಿದೆ. ಮರ ನೆಡುವ ಮಾತು ಸದ್ಯಕ್ಕೆ ನಿಂತಿದೆ. ಮೂಡಣ ಬದಿಯನ್ನು ಮೂರು ತುಂಡು ಮಾಡಿ, ಒಂದನ್ನು ಈ ಮಳೆಗಾಲ ಪೂರ್ತಿ ಬಿಡುವುದೆಂದೂ, ದನಗಳ ಜಾಡನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸುವುದೆಂದೂ ಒಪ್ಪಿದ್ದಾರೆ. ಕುರಿಯವರಲ್ಲಿ ಇಬ್ಬರು ಇನ್ನೂ ಮುಖ ಗಂಟಿಕ್ಕಿಕೊಂಡಿದ್ದಾರೆ, ಅವರಿಗೆ ಕುಂಟೆಯ ಕೆಳಗಿನ ಬೀಡನ್ನು ಬಿಟ್ಟುಕೊಡುವ ಮಾತು ನಡೆದಿದೆ. ಕೊರಕಲಿನ ಬಾಯಿಗೆ ಕಲ್ಲಿನ ತಡೆ, ಅದರ ಮೇಲೆ ಒಂದು ಸಾಲು ಲಾವಂಚ ಎಂದು ನಿರ್ಧಾರವಾಗಿದೆ. ಲಾವಂಚದ ಸಸಿ ಎಲ್ಲಿ ಸಿಗುತ್ತದೆ, ಹೇಗೆ ತರಬೇಕು ಎಂಬುದನ್ನು ಮುಳಬಾಗಿಲಿನವರು ದಯವಿಟ್ಟು ತಿಳಿಸಬೇಕು.

ಉತ್ತರ: ಮುಳಬಾಗಿಲು ರೈತ

ಕೊಂಡು ತರುವುದು ಬೇಡ ಮೇಷ್ಟ್ರೇ, ನಮ್ಮ ಬದುವಿನಲ್ಲೇ ಬೇಕಾದಷ್ಟಿದೆ. ಆಷಾಢ ಹುಟ್ಟಿದ ಮೇಲೆ ಒಂದು ಮಳೆ ಬಿದ್ದ ಮಾರನೆಯ ದಿನ ನಾಲ್ಕು ಗೋಣಿಚೀಲ ತೆಗೆದುಕೊಂಡು ಬನ್ನಿ. ಬುಡ ಕಿತ್ತು, ಎರಡು ಮೂರು ಕವಲಿಗೊಂದರಂತೆ ಸೀಳಿ, ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ ಕೊಡುತ್ತೇನೆ. ಸೆಗಣಿ ರಾಡಿಯಲ್ಲಿ ಬೇರು ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅಂದೇ ಊರು ಮುಟ್ಟಿಸಿ ನೆರಳಿನಲ್ಲಿಡಿ. ಮರುದಿನ ಬೆಳಿಗ್ಗೆಯೇ ನೆಡಬೇಕು. ಮೊದಲ ವರ್ಷ ಎಳೆ ಎಲೆಗೆ ದನ ಬಾಯಿ ಹಾಕುತ್ತದೆ, ಸಾಲಿನ ಮೇಲೆ ಜಾಲಿ ಮುಳ್ಳು ಹೊದಿಸುವುದನ್ನು ಮರೆಯಬೇಡಿ.